ಮುಂದಿನ ವರ್ಷದ ಶೂ

ಲಕ್ಷ್ಮೇಶ್ವರದ ಅಂಗಡಿಯಲ್ಲಿ ಹೊಸ ಶೂ ಹಾಕಿಕೊಂಡವಳೇ ನನ್ನ ಮಗಳು ರಸ್ತೆಗಿಳಿದು ಓಡಿಯೇಬಿಟ್ಟಳು. ಶಾಲೆಯ ಓಟದ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಬಲಗಾಲಿನ ಶೂ ಕಳಚಿ ಬಿತ್ತು. ಅದನ್ನು ಕೈಯಲ್ಲಿ ಹಿಡಿದು ವಾಪಸ್ ಬಂದಳು.

ಬೆಳೆಯುವ ಕಾಲೆಂದು ಎರಡು ನಂಬರ್ ದೊಡ್ಡ ಶೂ ಕೊಂಡು, ತುದಿಗೆ ಹೊಲದ ಹತ್ತಿ ತುರುಕುವುದು ಅಡರಕಟ್ಟಿಯ ನಮ್ಮ ಮನೆಯ ರೂಢಿ. ಅಂದೂ ಚೀಲದಲ್ಲಿ ಹತ್ತಿ ಇಟ್ಟುಕೊಂಡೇ ಹೋಗಿದ್ದೆ.

“ಅವ್ವಾ, ಇವು ಮುಂದಿನ ವರ್ಷದ ಕಾಲಿಗೆ ಬರ್ತಾವ. ನನಗ ಈ ವರ್ಷ ಓಡಬೇಕಾಗೇತಿ!” ಎಂದಳು, ಎಲ್ಲರೆದುರು.

ಹತ್ತಿಯನ್ನು ಚೀಲದ ತಳಕ್ಕೆ ತಳ್ಳಿ, “ಇಕಿ ಕಾಲಿಗೆ ಸರಿ ಕುಂಡ್ರೂದು ಕೊಡ್ರಿ” ಎಂದೆ ಅಂಗಡಿಯವರಿಗೆ.

ಈಗ ಶೂ ಕೊಳ್ಳುವಾಗ ಅವಳ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಬಿಡುತ್ತೇನೆ. ಒಂದು ವರ್ಷದಷ್ಟು ಜಾಗ ಬಿಡುವುದಿಲ್ಲ.