ರಾಗ್ನಿಯ ಬಿಳಿ ಕಲ್ಲುಗುಡ್ಡೆಗಳು

ನಮ್ಮ ದ್ವೀಪದ ರಾಗ್ನಿಗೆ ಎಪ್ಪತ್ತೊಂದು ವರ್ಷ. ದಡದ ಬಂಡೆಯ ಮೇಲೊಂದು, ಅದರ ಹಿಂದೆ ಎತ್ತರದಲ್ಲಿ ಇನ್ನೊಂದು, ಈ ಎರಡು ಕಲ್ಲುಗುಡ್ಡೆಗಳಿಗೆ ಪ್ರತಿ ಮೇ ತಿಂಗಳು ಸುಣ್ಣ ಬಳಿಯುವುದು ಅಪ್ಪನಿಂದ ಅವಳಿಗೆ ಬಂದ ಕೆಲಸ. ಸಂಬಳವಿಲ್ಲ. ಇದುವರೆಗೆ ಯಾರೂ ಅವಳಿಗೆ ಒಂದು ಒಳ್ಳೆಯ ಮಾತನ್ನೂ ಹೇಳಿಲ್ಲ. ಸಮುದ್ರದಿಂದ ನೋಡುವಾಗ ಎರಡೂ ಗುಡ್ಡೆಗಳು ಒಂದರ ಮೇಲೊಂದು ನಿಂತಂತೆ ಕಂಡರೆ ದೋಣಿ ಸರಿದಾರಿಯಲ್ಲಿದೆ. ಸ್ವಲ್ಪ ಪಕ್ಕಕ್ಕೆ ಸರಿದರೂ ನೀರಿನಡಿಯ ಬಂಡೆ ತಳವನ್ನು ಸೀಳುತ್ತದೆ. ಅವಳ ತಮ್ಮ ಎವರ್ಟ್ ಐವತ್ತು ವರ್ಷ ಹೀಗೆಯೇ ಮೀನು ಹಿಡಿದು ಮನೆಗೆ ಬಂದಿದ್ದಾನೆ. ದೋಣಿಯಲ್ಲಿ ಫೋನ್ ಕೂಡ ಇಟ್ಟುಕೊಳ್ಳುವವನಲ್ಲ.

ಕಳೆದ ಜುಲೈನಲ್ಲಿ ಸ್ಟಾಕ್‌ಹೋಮಿನ ಹಾಯಿದೋಣಿಯೊಂದು ನಮ್ಮ ದಡಕ್ಕೆ ಬಂತು. ಮರುದಿನ ಮಧ್ಯಾಹ್ನ ರಾಗ್ನಿ ನನ್ನ ಬಾಗಿಲು ತಟ್ಟಿದಳು.

"ಟೀಚರೇ, ಕೆಳಗಿನ ಗುಡ್ಡೆ ಇಲ್ಲ. ಬೇಗ ಬನ್ನಿ."

ಗುಡ್ಡೆಯಿದ್ದಲ್ಲಿ ಬರಿಯ ಬಿಳಿ ಕಲೆ. ನಲವತ್ತು ಹೆಜ್ಜೆ ಆಚೆ, ಅದೇ ಕಲ್ಲುಗಳನ್ನು ಸೊಂಟದೆತ್ತರ ಪೇರಿಸಿ ಗಾಳಿಗೆ ಮರೆಮಾಡಿಕೊಂಡು, ಆ ಹಾಯಿದೋಣಿಯಲ್ಲಿ ಬಂದ ಪೊಂಟುಸ್ ಎಂಬವನೂ ಅವನ ಹೆಂಡತಿಯೂ ಮೀನು ಹುರಿಯುತ್ತಿದ್ದರು.

"ಬನ್ನಿ ಅಜ್ಜಿ, ತಿನ್ನಿ," ಎಂದ ಪೊಂಟುಸ್. "ಗಾಳಿಗೆ ಒಲೆ ಉರೀತಾನೇ ಇರ್ಲಿಲ್ಲ. ಪುಣ್ಯಕ್ಕೆ ಇಲ್ಲಿ ಕಲ್ಲು ಬಿದ್ದಿತ್ತು."

"ಬಿದ್ದಿತ್ತಾ? ಬೆಳ್ಳಗೆ ಮಾಡಿದ್ದು ಕಡಲಹಕ್ಕಿಗಳೇನಪ್ಪ?" ಎಂದಳು ರಾಗ್ನಿ.

"ನಾವು ಹಾಗೇ ಅಂದ್ಕೊಂಡ್ವಿ," ಎಂದು ಅವನು ನಕ್ಕ. ಅದು ದೋಣಿಗಳಿಗೆ ದಾರಿ ತೋರಿಸುವ ಗುರುತು ಎಂದು ರಾಗ್ನಿ ಹೇಳಿದಳು.

"ಈಗೆಲ್ಲರ ಹತ್ರಾನೂ ಜಿಪಿಎಸ್ ಇರತ್ತಲ್ಲ," ಎಂದಳು ಹೆಂಡತಿ.

"ನನ್ ತಮ್ಮನ ಹತ್ರ ಇಲ್ಲ. ಆರು ಗಂಟೆಗೆ ಬರ್ತಾನೆ. ನಿಮ್ಮ ಒಲೇನೇ ಗುಡ್ಡೆ ಅಂದ್ಕೊಂಡು ಸೀದಾ ಬಂಡೆಗೆ ಹೊಡೀತಾನೆ. ಏಳಿ."

"ಊಟ ಮುಗಿಸಿ ಬಿಡ್ತೀವಿ, ಅಜ್ಜಿ."

ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಇಂಥ ಉತ್ತರಗಳನ್ನು ಕೇಳಿದ್ದೇನೆ. ಅವರದೇ ದೋಣಿಯ ಡಬ್ಬದಲ್ಲಿ ಸಮುದ್ರದ ನೀರು ತಂದು, ಬಾಣಲೆ ಸಮೇತ ಒಲೆಯ ಮೇಲೆ ಸುರಿದೆ. "ಊಟ ಮುಗೀತು," ಎಂದೆ. ಅದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ.

ರಾಗ್ನಿ ದೋಣಿಯನ್ನು ಹುಟ್ಟು ಹಾಕಿಕೊಂಡು ಹೋಗಿ, ದೋಣಿಗಳು ಒಳಬರುವ ದಾರಿಯ ಬಾಯಲ್ಲಿ ನಿಂತಳು. ಅಲ್ಲಿಂದ ಹುಟ್ಟನ್ನು ಎತ್ತಿ ಎಡಕ್ಕೆ, ಬಲಕ್ಕೆ ವಾಲಿಸಿ ಜಾಗ ತೋರಿಸಿದಳು. ಗಂಡಹೆಂಡತಿ ಬಿಸಿ ಕಲ್ಲುಗಳನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಹೊತ್ತು, ಹಳೆಯ ಜಾಗದಲ್ಲಿ ಗುಡ್ಡೆ ಕಟ್ಟಿದರು. ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮೂರು ಗಂಟೆ ಹಿಡಿಯಿತು.

ಆರು ಗಂಟೆ ಕಳೆದು ಹತ್ತು ನಿಮಿಷಕ್ಕೆ ಎವರ್ಟ್ ಗೆರೆ ಎಳೆದಂತೆ ಒಳಗೆ ಬಂದ. ದಡಕ್ಕೆ ಹತ್ತಿ, ಮಸಿ ಹಿಡಿದ ಗುಡ್ಡೆಯನ್ನು ನೋಡಿದ.

"ಏನಕ್ಕಾ, ಈ ಸಲ ಸುಣ್ಣಕ್ಕೂ ಸೋಮಾರಿತನವಾ? ಅರ್ಧ ಕಾಣ್ಲೇ ಇಲ್ಲ. ವಯಸ್ಸಾಯ್ತು, ಬೇರೆ ಯಾರಿಗಾದ್ರೂ ಬಿಟ್ಕೊಡು."

ಪೊಂಟುಸ್ ಹೆಂಡತಿಯೊಂದಿಗೆ ಅಲ್ಲೇ ನಿಂತಿದ್ದ. ಮಸಿಯ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ರಾಗ್ನಿ ಸುಣ್ಣ ತರಲು ಮನೆಯತ್ತ ತಿರುಗಿದಳು.

"ಬ್ರಷ್ ಮೂರು ತಾ," ಎಂದು ನಾನು ಹಿಂದಿನಿಂದ ಕೂಗಿ ಹೇಳಿದೆ. "ಬಳಿಯೋರು ಇಬ್ರು ಇಲ್ಲೇ ಇದ್ದಾರೆ. ತಪ್ಪು ಹುಡುಕೋ ತಮ್ಮನಿಗೂ ಒಂದಿರ್ಲಿ."