ಸಮುದ್ರ ಕಂಡ ತೋಳುಗಳು

ಗುವಾಂಗ್‌ಝೌ ಶಹರದ ಬಟ್ಟೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಪಾಂಗ್ ಒಂಬತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ದುಡಿದಿದ್ದಳು. ಹದಿನೆಂಟಕ್ಕೆ ಬಂದು ಗುಂಡಿ ಹಚ್ಚುವ ಕೆಲಸಕ್ಕೆ ಕೂತವಳು ಇಪ್ಪತ್ತೇಳಕ್ಕೆ ಕತ್ತರಿ ಮೇಜಿನ ಮುಂದೆ ನಿಂತಿದ್ದಳು. ಗೆರೆ ಎಳೆದುಕೊಳ್ಳದೆ ತೋಳು ಕತ್ತರಿಸುವಷ್ಟು ಕೈ ಪಳಗಿತ್ತು. ಅದರ ಜಂಬವೂ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಬೇಕು.

ಅವಳಿಗೆ ಇದ್ದದ್ದು ಒಂದೇ ಹುಚ್ಚು. ಉಳಿದ ತುಂಡುಗಳಲ್ಲಿ ತನಗೊಂದು ಉಡುಪು ಹೊಲಿದುಕೊಳ್ಳುವುದು, ರಜೆ ಸಿಕ್ಕರೆ ಅದನ್ನು ತೊಟ್ಟು ರೈಲು ಹತ್ತುವುದು. ಶಿಯಾನ್ ಕೋಟೆಯ ಮೇಲೆ, ದುನ್‌ಹುವಾಂಗ್‌ನ ಮರಳಿನಲ್ಲಿ, ಯಾರನ್ನೋ ಕಾಡಿ ಬೇಡಿ ಫೋಟೋ ತೆಗೆಸಿಕೊಳ್ಳುವುದು. ಮಹಾರಾಣಿಯವರ ಸವಾರಿ ಈ ಸಲ ಯಾವ ಕಡೆಗೆ ಎಂದು ಜೊತೆಯ ಹುಡುಗಿಯರು ಕಾಲೆಳೆಯುತ್ತಿದ್ದರು. ಅಪಾಂಗ್ ನಕ್ಕು, ಫೋಟೋಗಳನ್ನು ಅಮ್ಮನ ಫೋನಿಗೆ ಕಳಿಸುತ್ತಿದ್ದಳು. ಗ್ವಿಝೌ ಬೆಟ್ಟಗಳ ನಡುವೆ, ಮ್ಯಾವ್ ಜನರ ಹಳ್ಳಿ ಜ್ಯೌಬಾದಲ್ಲಿ ಅಮ್ಮ ಅವನ್ನು ಅಜ್ಜಿಯ ಕಣ್ಣಿನ ಹತ್ತಿರ ಹಿಡಿದು ತೋರಿಸುತ್ತಿದ್ದಳು. ತಾಯ್‌ಚಿಯಾಂಗ್ ಸಂತೆಯ ಆಚೆ ಅಜ್ಜಿ ಎಂದೂ ಕಾಲಿಟ್ಟವಳಲ್ಲ.

ಮೂರು ವರ್ಷದ ಹಿಂದೆ ಹೊಸವರ್ಷದ ಹಬ್ಬಕ್ಕೆ ಊರಿಗೆ ಹೋದಾಗ ಅಪಾಂಗ್ ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಒಂದು ನೀಲಿ ಅಂಗಿ ಕಂಡಳು. ಅದರ ತೋಳಪಟ್ಟಿಗಳ ತುಂಬ ಅಜ್ಜಿಯ ಕೈಯ ಕಸೂತಿ ಚಿಟ್ಟೆಗಳು. ಬಲತೋಳಿನ ಒಂದು ಚಿಟ್ಟೆಗೆ ಮಾತ್ರ ಒಂದು ರೆಕ್ಕೆ ಖಾಲಿ, ಬರಿ ಅಂಚಿನ ಗೆರೆಯಷ್ಟೇ ಇತ್ತು. ಅಜ್ಜಿಯ ಕಣ್ಣು ಮಂಜಾಗಿ ಅರ್ಧಕ್ಕೆ ಕೈಬಿಟ್ಟಿರಬೇಕು ಅಂದುಕೊಂಡಳು. ಅಲ್ಲಿಯ ರೂಢಿಯಲ್ಲಿ ಅಂಗಿ ಹಳೆಯದಾದರೆ ತೋಳಪಟ್ಟಿ ಬಿಚ್ಚಿ ಹೊಸ ಅಂಗಿಗೆ ಕೂಡಿಸುವುದು ಹೊಸದೇನಲ್ಲ. ತಾಯಿಯ ತೋಳು ಮಗಳಿಗೆ, ಮಗಳದು ಮೊಮ್ಮಗಳಿಗೆ ಬರುತ್ತದೆ, ಅದನ್ನು ಯಾರೂ ಕದ್ದದ್ದು ಅನ್ನುವುದಿಲ್ಲ. ಅಜ್ಜಿ ಗದ್ದೆಯಲ್ಲಿದ್ದಳು, ಬಸ್ಸಿಗೆ ಹೊತ್ತಾಗಿತ್ತು. ಪಟ್ಟಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು, ಅಂಗಿಯನ್ನು ಮಡಿಸಿ ಇದ್ದಲ್ಲೇ ಇಟ್ಟಳು. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಹೇಳಲಿಲ್ಲ.

ಶಹರದಲ್ಲಿ ಒಂದು ಕರಿಯ ಉದ್ದನೆಯ ಕೋಟು ಹೊಲಿದು ಆ ಪಟ್ಟಿಗಳನ್ನು ಕೂಡಿಸಿದಳು. ಖಾಲಿ ರೆಕ್ಕೆ ಕಣ್ಣಿಗೆ ಚುಚ್ಚುತ್ತಿತ್ತು. ಹೊಳೆಯುವ ಕೆಂಪು ರೇಷ್ಮೆಯಿಂದ ತಾನೇ ತುಂಬಿದಳು. ಆ ಕೋಟು ತೊಟ್ಟರೆ ರಸ್ತೆಯಲ್ಲಿ ಗುರುತಿಲ್ಲದವರು ನಿಲ್ಲಿಸಿ ಎಲ್ಲಿ ಕೊಂಡಿರಿ ಎಂದು ಕೇಳುತ್ತಿದ್ದರು. ಹಾರ್ಬಿನ್‌ನ ಮಂಜಿನಲ್ಲಿ ಅದನ್ನೇ ತೊಟ್ಟಳು. ವಸಂತದಲ್ಲಿ ಪೂರ್ವದ ಚಿಂಗ್‌ದಾವ್‌ಗೆ ಹೋಗಿ, ಸಮುದ್ರದ ಗಾಳಿಗೆ ಎರಡೂ ತೋಳು ಚಾಚಿ ನಿಂತು ಫೋಟೋ ತೆಗೆಸಿಕೊಂಡಳು. ಊರಿನಿಂದ ಯಾವ ಮಾತೂ ಬರಲಿಲ್ಲ.

ಈ ಸಲ ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಅಮ್ಮನ ಫೋನು ಬಂತು. ಅಜ್ಜಿ ಏಳುತ್ತಿಲ್ಲ, ಗಂಜಿಯ ತಿಳಿ ಬಿಟ್ಟರೆ ಏನೂ ಇಳಿಯುತ್ತಿಲ್ಲ. ಅಂಗಿಯನ್ನು ಬಿಸಿಲಿಗೆ ಹಾಕೋಣವೆಂದು ತೆಗೆದರೆ ತೋಳಪಟ್ಟಿಗಳೇ ಇಲ್ಲ. ಅದು ಅಜ್ಜಿ ಕೊನೆಯ ಪಯಣಕ್ಕೆ ಹೊಲಿದಿಟ್ಟುಕೊಂಡದ್ದು ಎಂದು ಅಮ್ಮ ಆಗ ಹೇಳಿದಳು. ಅಜ್ಜಿಯ ಮನೆತನದ ಹೆಂಗಸರು ಅಂಥ ಅಂಗಿಯಲ್ಲಿ ಒಂದು ರೆಕ್ಕೆ ಖಾಲಿ ಬಿಡುತ್ತಾರೆ. ಉಸಿರು ನಿಂತ ಮೇಲೆ ಮಗಳು ಅದನ್ನು ತುಂಬಬೇಕು. ತುಂಬಿದರೆ ಹೊರಡಬಹುದು ಎಂದು ಅರ್ಥ. ತೀರಿಕೊಂಡ ಹಿರಿಯರು ಆ ತೋಳು ನೋಡಿಯೇ ಇವಳು ನಮ್ಮವಳು ಎಂದು ಗುರುತು ಹಿಡಿಯುವುದು. ತೋಳಿಲ್ಲದೆ ಹೋದವಳು ದಾರಿಯಲ್ಲೇ ನಿಲ್ಲಬೇಕು.

"ನೀನೇ ತಗೊಂಡ್ಹೋಗಿದ್ದಾ?" ಅಮ್ಮ ಕೇಳಿದಳು. "ರೆಕ್ಕೆ ಖಾಲಿಯಾಗೇ ಇದೆ ತಾನೆ?"

ಹೊರಡುತ್ತೇನೆ ಅಂದಷ್ಟೇ ಹೇಳಿ ಅಪಾಂಗ್ ಫೋನಿಟ್ಟಳು. ಅಜ್ಜಿಯ ಸಾವನ್ನು ತಾನೇ ಕೈಯಾರೆ ಹೊಲಿದು ಕರೆದೆನೆಂಬ ಭಯ ಅವಳನ್ನು ಹಿಡಿಯಿತು.

ಎಲ್ಲಿ ಕಳೆದುಹೋದೀತೋ ಎಂದು ಕೋಟನ್ನು ಚೀಲಕ್ಕೆ ಹಾಕಲು ಧೈರ್ಯ ಸಾಲದೆ ತೊಟ್ಟುಕೊಂಡೇ ರೈಲು ಹತ್ತಿದಳು. ಬಾಗಿಲ ಬಳಿ ಒಬ್ಬಳು ಫೋಟೋ ತೆಗೆಯಲೇ ಎಂದಾಗ ಮುಖ ಮುಚ್ಚಿಕೊಂಡಳು. ಜಾಗ ಸಿಕ್ಕಿದ ಮೇಲೆ ಕೋಟು ತೊಡೆಯ ಮೇಲಿಟ್ಟು ಸೂಜಿಯ ಮೊನೆಯಿಂದ ಪಟ್ಟಿಯ ಹೊಲಿಗೆ ಬಿಚ್ಚತೊಡಗಿದಳು. ಇಂಥ ಒಳ್ಳೆಯ ಕೋಟನ್ನು ಯಾಕೆ ಹಾಳು ಮಾಡುತ್ತೀಯ ಎಂದು ಪಕ್ಕದ ಹೆಂಗಸು ಗದರಿದಳು. ಸುರಂಗದ ನಂತರ ಸುರಂಗ ದಾಟಿತು, ಎರಡೂ ಪಟ್ಟಿ ಬಿಟ್ಟುಬಂದವು. ಕೆಂಪು ರೆಕ್ಕೆಯನ್ನು ಮಾತ್ರ ಮುಟ್ಟಲಿಲ್ಲ. ಬಿಚ್ಚಿದರೆ ಇನ್ನೇನಾಗುವುದೋ ಎಂದು ಕೈ ಹಿಂದೆ ಸರಿಯಿತು.

ಮಧ್ಯಾಹ್ನದ ಹೊತ್ತಿಗೆ ಬಸ್ಸಿಳಿದು ಬೆಟ್ಟ ಹತ್ತಿ ಮನೆ ಸೇರಿದಳು. ಒಲೆಯ ಮುಂದಿದ್ದ ಅಮ್ಮ ಬಾ ಅಂತಲೂ ಅನ್ನಲಿಲ್ಲ. ಅಜ್ಜಿ ಕಿಟಕಿಯ ಪಕ್ಕ ಮಲಗಿದ್ದಳು, ಉಸಿರಾಡುತ್ತಿದ್ದಳು. ಅಪಾಂಗ್ ಪಟ್ಟಿಗಳನ್ನು ಅವಳ ಹೊದಿಕೆಯ ಮೇಲೆ ಹರಡಿ, ಎಲ್ಲವನ್ನೂ ಹೇಳಿದಳು. ಅಜ್ಜಿಯ ಬೆರಳು ಚಿಟ್ಟೆಗಳ ಮೇಲೆ ಮೆಲ್ಲಗೆ ಸಾಗಿ ಕೆಂಪು ರೆಕ್ಕೆಯ ಮೇಲೆ ನಿಂತಿತು.

"ತುಂಬಿಬಿಟ್ಯಾ."

"ಹೂಂ ಅಜ್ಜಿ. ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ ಅಂತಲ್ಲ. ಕೇಳ್ಲಿಲ್ಲ ನೀನು."

ಅಪಾಂಗ್ ತಲೆ ತಗ್ಗಿಸಿದಳು.

"ಆ ಮಂಜಿನ ಊರಲ್ಲಿ ನಿಂತಿದ್ಯಲ್ಲ, ಅವತ್ತೇ ಕಂಡೆ," ಅಜ್ಜಿ ಅಂದಳು. "ನಾನು ಹಾಕಿದ ಹೊಲಿಗೆ ನಂಗೆ ಗುರುತು ಸಿಗಲ್ವಾ? ಸಿಟ್ಟು ನೆತ್ತಿಗೇರಿತ್ತು. ನಿಮ್ಮಮ್ಮ ಫೋಟೋ ತೋರ್ಸೋಕೆ ಬಂದ್ರೆ ಕಣ್ಣು ಕಾಣಲ್ಲ ಅಂತ ಮುಖ ತಿರುಗಿಸ್ತಿದ್ದೆ."

"ಒಂದು ಮಾತು ಬೈಬಾರ್ದಿತ್ತಾ ಅಜ್ಜಿ?"

"ಬೈಯೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೀರಿನ ಫೋಟೋ ಬಂತು."

ಜ್ಯೌಬಾದಲ್ಲಿ ಯಾರೇ ತೀರಿಕೊಂಡರೂ ಊರ ಹಿರಿಯ ಹೆಣದ ಪಕ್ಕ ಕೂತು ದಾರಿ ಹೇಳುತ್ತಾನೆ. ಯಾವ ಬೆಟ್ಟ ಇಳಿಯಬೇಕು, ಯಾವ ಹೊಳೆ ದಾಟಬೇಕು, ಎಲ್ಲಿ ತಂಗಬೇಕು ಎಂದು ಒಂದೊಂದಾಗಿ ಹೇಳಿ, ಹಿಂದಿನವರು ಹೊರಟುಬಂದ ಮೂಡಣದ ಮಹಾ ನೀರಿನ ತನಕ ಕಳಿಸಿಕೊಡುತ್ತಾನೆ. ಅಜ್ಜಿಯ ವಾರಿಗೆಯಲ್ಲಿ ಆ ನೀರನ್ನು ಕಂಡವರು ಒಬ್ಬರೂ ಇರಲಿಲ್ಲ.

"ನಂಗೆ ಇಷ್ಟು ವರ್ಷ ಒಳಗೊಳಗೇ ಹೆದ್ರಿಕೆ ಕಣೇ," ಅಜ್ಜಿ ನಿಧಾನವಾಗಿ ಅಂದಳು. "ಸಂತೆ ದಾಟಿ ಹೋದವಳಲ್ಲ ನಾನು. ಅಷ್ಟು ದೂರ ಒಬ್ಬಳೇ ಹ್ಯಾಗೆ ಹೋಗ್ಲಿ? ಆಮೇಲೆ ನೋಡ್ತೀನಿ, ನನ್ನ ತೋಳು ಆಗ್ಲೇ ಅಲ್ಲಿ ಹೋಗಿ ನಿಂತಿದೆ."

ಅಪಾಂಗ್‌ಗೆ ದುಃಖ ಉಕ್ಕಿ ಬಂತು. ಅಜ್ಜಿ ಪಟ್ಟಿಯನ್ನು ಅವಳ ಕಡೆ ತಳ್ಳಿದಳು.

"ಅತ್ತದ್ದು ಸಾಕು. ಈ ಕೆಂಪು ನೂಲು ಬಿಚ್ಚು. ನಾನಿನ್ನೂ ಹೊರಟಿಲ್ಲ."

ಅವಳು ಬಿಚ್ಚಿದಳು. ಬಟ್ಟೆಯ ಮೇಲೆ ಸೂಜಿಯ ತೂತುಗಳು ಉಳಿದವು, ಅವು ಹೋಗುವಂಥವಲ್ಲ. ಅಜ್ಜಿ ಆಮೇಲೆ ಹನ್ನೊಂದು ದಿನ ಇದ್ದಳು. ಅಪಾಂಗ್ ಪಟ್ಟಿಗಳನ್ನು ನೀಲಿ ಅಂಗಿಗೆ ಕೈಯಲ್ಲೇ ಕೂಡಿಸಿದಳು. ಎಡ ಹೆಗಲು ಎಳೆಯುತ್ತದೆ, ಶಹರದಲ್ಲಿ ಇದನ್ನೇ ಕಲಿತದ್ದಾ ಎಂದು ಅಜ್ಜಿ ಕೊಂಕು ತೆಗೆದಳು, ಎರಡು ಸಲ ಬಿಚ್ಚಿಸಿದಳು. ನೆಟ್ಟಗಾದ ಮೇಲೆ ಅಂಗಿಯನ್ನು ತಲೆದೆಸೆಯಲ್ಲೇ ಇಡಿಸಿಕೊಂಡಳು. ಹನ್ನೆರಡನೆಯ ಬೆಳಗ್ಗೆ ಎಬ್ಬಿಸಲು ಹೋದರೆ ಅವಳ ಮೈ ತಣ್ಣಗಾಗಿತ್ತು.

ರೆಕ್ಕೆ ತುಂಬಬೇಕಾದದ್ದು ಅಮ್ಮ. ಮಗಳ ಜೊತೆ ಅಷ್ಟು ದಿನವೂ ಮುಖ ಕೊಟ್ಟು ಮಾತಾಡದ ಅಮ್ಮ ಅಜ್ಜಿಯ ಬುಟ್ಟಿಯಿಂದ ನೂಲು ತೆಗೆದು ಸೂಜಿಗೆ ಪೋಣಿಸಿ ಅಪಾಂಗಳ ಕೈಗಿಟ್ಟಳು. ಹಳೆಯ ತೂತುಗಳಲ್ಲೇ ಸೂಜಿ ಹೋಗಿ ಬಂತು. ಗೆರೆ ಎಳೆಯದೆ ಕತ್ತರಿಸುವ ಕೈಯಲ್ಲೂ ಆ ದಿನ ಒಂದು ಹೊಲಿಗೆ ಡೊಂಕಾಯಿತು. ಅದನ್ನು ಬಿಚ್ಚಲಿಲ್ಲ.

ಅಂಗಿ ತೊಡಿಸಿದ ಮೇಲೆ ಹಿರಿಯ ಬಂದು ಕೂತು ದಾರಿ ಹೇಳಲು ಶುರುಮಾಡಿದ. ಬೆಟ್ಟ ಇಳಿಸಿದ, ಹೊಳೆ ದಾಟಿಸಿದ, ಅವನೂ ಕಾಣದ ಊರುಗಳ ಹೆಸರು ಹೇಳಿದ. ಕೊನೆಗೆ ಮಹಾ ನೀರಿನ ಹೆಸರು ಬಂದಾಗ ಅಮ್ಮ ಮಗಳ ಮುಂಗೈ ಹಿಡಿದು ಪಿಸುಗುಟ್ಟಿದಳು.

"ನೀನು ನೋಡಿದ್ದೀಯಲ್ಲ. ಹ್ಯಾಗಿದೆ ಅಲ್ಲಿ?"

"ತುಂಬ ದೊಡ್ಡದಮ್ಮ," ಅಂದಳು ಅಪಾಂಗ್. "ಆದ್ರೆ ದಡದಲ್ಲಿ ನಿಲ್ಲೋಕೆ ಜಾಗ ಇದೆ."

ಅಮ್ಮ ಹೂಂ ಅಂದಳು, ಕೈ ಬಿಡಲಿಲ್ಲ.