ಹಳೇ ಕಂಪ್ಯೂಟರಿಗೆ ಕಿವಿಗೊಟ್ಟವರು

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಅಂಗಡಿಯ ಶಟರ್ ಅರ್ಧ ಮಾತ್ರ ಎತ್ತಿದೆ, ಬಗ್ಗಿ ಒಳಗೆ ಹೋಗಬೇಕು. ಹಿಂದಿನ ಕೋಣೆಯಲ್ಲಿ ಐವತ್ತೇಳು ವಯಸ್ಸಿನ ಹೆಂಗಸೊಬ್ಬರು ಹಳೆಯ ಟೇಪ್ ರೆಕಾರ್ಡರಿಗೆ ಬಲಗಿವಿ ಹಚ್ಚಿ ಕೂತಿದ್ದಾರೆ. ಕೈಯಲ್ಲಿ ಗಡಿಯಾರ ರಿಪೇರಿಯವರು ಹಿಡಿಯುವಂಥ ಸಣ್ಣ ಸ್ಕ್ರೂಡ್ರೈವರ್. ಕ್ಯಾಸೆಟ್ ತಿರುಗುತ್ತಿದೆ. ಬರುತ್ತಿರುವುದು ಹಾಡಲ್ಲ, ಮಾತೂ ಅಲ್ಲ. ತಗಡಿನ ಮೇಲೆ ಮೊಳೆ ಎಳೆದಂತೆ ಕಿರ್ರೆನ್ನುವ ಸದ್ದು. ಅವರು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಸದ್ದು ಮಂದವಾಗುತ್ತದೆ. ಇನ್ನೊಂದು ಕಡೆಗೆ ತಿರುಗಿಸುತ್ತಾರೆ. ಸದ್ದು ಚೂರು ಹರಿತವಾಗುತ್ತದೆ. ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಕೊನೆಗೆ ಟೇಪ್ ನಿಲ್ಲಿಸಿ ಕತ್ತು ತಿಕ್ಕಿಕೊಳ್ಳುತ್ತಾರೆ.

“ಇಷ್ಟು ಹೊತ್ತಿಗೇ ಕೂರಬೇಕು. ಆರೂವರೆಗೆ ಮೇಲಿನ ಮನೆಯವರು ಪಂಪ್ ಹಾಕ್ತಾರೆ. ಎಂಟಕ್ಕೆ ಪಕ್ಕದವರು ಕೀಲಿ ಕೊರೆಯೋಕೆ ಶುರು ಮಾಡ್ತಾರೆ. ಆಮೇಲೆ ನನ್ನ ಕಿವಿ ನನಗೇ ಕೇಳಿಸಲ್ಲ” ಎನ್ನುತ್ತಾರೆ.

ಬೀದಿಯವರಿಗೆಲ್ಲ ಇವರು ಬೆಸುಗೆಯಕ್ಕ. ಇವರ ಕೆಲಸ ಹಳೆಯ ಮನೆ-ಕಂಪ್ಯೂಟರುಗಳನ್ನು ಎಬ್ಬಿಸಿ ಕೂರಿಸುವುದು. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಕಂಪ್ಯೂಟರ್ ಅಡಗಿರುತ್ತಿದ್ದ, ಟಿವಿಗೆ ಸಿಕ್ಕಿಸಿ ನೋಡಬೇಕಿದ್ದ, ಆಟವನ್ನೋ ಲೆಕ್ಕವನ್ನೋ ಕ್ಯಾಸೆಟ್ಟಿನಿಂದ ಓದಿಕೊಳ್ಳುತ್ತಿದ್ದ ಯಂತ್ರಗಳವು. ನಲವತ್ತು ವರ್ಷದ ಹಿಂದೆ ಇದ್ದುಳ್ಳವರ ಮನೆಗೊಂದು ಬಂದವು, ಹತ್ತು ವರ್ಷದೊಳಗೆ ಅಟ್ಟ ಸೇರಿದವು. ಈಗ ಅವನ್ನು ಹುಡುಕಿ ಕೊಳ್ಳುವವರು ಹೆಚ್ಚಿದ್ದಾರೆ. ಕೊಂಡವರಲ್ಲಿ ಬಹಳ ಜನ ಒಂದೇ ವಾರದಲ್ಲಿ ಈ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

“ಹಳೇದು ಕೊಂಡವರು ಮಾಡೋ ತಪ್ಪು ಒಂದೇ. ಮನೆಗೆ ತಂದ ಕೂಡಲೇ ಪ್ಲಗ್ ಹಾಕ್ತಾರೆ. ಚಪ್ಪಲೀನೂ ಬಿಟ್ಟಿರಲ್ಲ” ಎಂದು ಅಕ್ಕ ನಿಟ್ಟುಸಿರಿಡುತ್ತಾರೆ. ಯಂತ್ರದ ಜೊತೆ ಬರುವ ಕರೆಂಟಿನ ಡಬ್ಬಿಗೂ ನಲವತ್ತು ವರ್ಷವಾಗಿರುತ್ತದೆ. ಕೊಡಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಕೊಟ್ಟು, ಮೆಮೊರಿ ಚಿಪ್ಪುಗಳನ್ನು ಅರೆಕ್ಷಣದಲ್ಲಿ ಸುಟ್ಟುಬಿಡುತ್ತದೆ. ಬಂದ ಯಂತ್ರವನ್ನು ಇವರು ಮೊದಲು ಮೂಸಿ ನೋಡುತ್ತಾರೆ. ಆಮೇಲೆ ಬಿಚ್ಚಿ, ತಮ್ಮದೇ ಡಬ್ಬಿಯಿಂದ ಕರೆಂಟು ಕೊಟ್ಟು, ಬೆರಳಿನ ಹಿಂಬದಿಯಿಂದ ಒಂದೊಂದೇ ಚಿಪ್ಪನ್ನು ಮುಟ್ಟುತ್ತಾರೆ. ಮಗುವಿಗೆ ಜ್ವರ ನೋಡುವ ಹಾಗೆ. ಸುಡುವುದು ಸತ್ತಿರುತ್ತದೆ.

ಎಂಟು ಚಿಪ್ಪು, ಒಂದೊಂದಕ್ಕೆ ಹದಿನಾರು ಕಾಲು. ಎಲ್ಲ ಬದಲಾಯಿಸಬೇಕೆಂದರೆ ನೂರ ಇಪ್ಪತ್ತೆಂಟು ಕಡೆ ಹಳೆಯ ಬೆಸುಗೆ ಹೀರಿ ತೆಗೆದು, ಮತ್ತೆ ನೂರ ಇಪ್ಪತ್ತೆಂಟು ಕಡೆ ಹೊಸದು ಹಾಕಬೇಕು. ಗೋಡೆಯ ಹಲಗೆಯ ಮೇಲೆ ಈ ಹೊತ್ತು ಹತ್ತೊಂಬತ್ತು ಯಂತ್ರಗಳು ಕಾದಿವೆ. ಹತ್ತರಲ್ಲಿ ಏಳು ಏಳುತ್ತವೆ. ಏಳದ ಮೂರನ್ನು ಬಿಚ್ಚಿ, ಅವುಗಳ ಬಿಡಿಭಾಗದಿಂದ ಉಳಿದವನ್ನು ನಡೆಸುತ್ತಾರೆ. ಬೆಸುಗೆಯ ಹೊಗೆ ಕುಡಿದು ಕೆಮ್ಮು ಕಾಯಂ ಆಗಿದೆ. ಕತ್ತಿನ ಎಲುಬು ಸವೆದಿದೆಯೆಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ತಲೆ ತಗ್ಗಿಸಬೇಡಿ ಎಂದರಂತೆ. “ತಲೆ ತಗ್ಗಿಸದೆ ಈ ಕೆಲಸ ಹೇಗೆ ಮಾಡ್ಲಿ ಅಂತ ಅವರನ್ನೇ ಕೇಳಿದೆ. ಅವರು ಮಾತ್ರೆ ಬರೀತಿದ್ರು. ತಲೆ ತಗ್ಗಿಸ್ಕೊಂಡು.”

ಹದಿನೆಂಟಕ್ಕೇ ಟಿವಿ ಕಾರ್ಖಾನೆಯ ಬೆಸುಗೆ ಸಾಲಿಗೆ ಸೇರಿದವರು. ಕಾರ್ಖಾನೆ ಮುಚ್ಚಿದಾಗ ಕೈಯಲ್ಲಿದ್ದುದು ಈ ವಿದ್ಯೆಯೊಂದೇ. ಮದುವೆಯಾದದ್ದು ಟಿವಿ ರಿಪೇರಿ ಅಂಗಡಿಯವರನ್ನು. ಮುಂದಿನ ಕೋಣೆಯಲ್ಲಿ ಯಜಮಾನರು ಗಿರಾಕಿಯೊಂದಿಗೆ ಮಾತಾಡುತ್ತಿದ್ದರು, ಹಿಂದಿನ ಕೋಣೆಯಲ್ಲಿ ಇವರು ಬೆಸೆಯುತ್ತಿದ್ದರು. ಸರಿಯಾದ ಟಿವಿಯನ್ನು ಹೊತ್ತುಕೊಂಡು ಹೋಗುವವರು ಯಜಮಾನರ ಕೈ ಕುಲುಕಿ ಹೋಗುತ್ತಿದ್ದರು. ಈಗ ಯಜಮಾನರ ಕೈ ನಡುಗುತ್ತದೆ, ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ. ಮಾತಿಗೇನೂ ಕಡಿಮೆಯಿಲ್ಲ. ಇಂದಿಗೂ ಯಂತ್ರದ ಕಾಯಿಲೆಯನ್ನು ಜನ ಅವರಿಗೇ ಒಪ್ಪಿಸುತ್ತಾರೆ. ಅವರು ಎಲ್ಲ ಕೇಳಿ, ಗಂಭೀರವಾಗಿ ತಲೆದೂಗಿ, ಒಳಗೆ ಕೊಟ್ಟು ಕಳಿಸುತ್ತಾರೆ. ಬೇಸರವಿಲ್ಲವೇ ಎಂದರೆ ಅಕ್ಕ ಕೆಮ್ಮುತ್ತ ಬೆಸುಗೆ ಕಡ್ಡಿಯ ತುದಿ ಒರೆಸುತ್ತಾರೆ. ಬೇರೇನೋ ಹೇಳುವಂತೆ, “ಬೇಸರಕ್ಕೂ ಪುರುಸೊತ್ತು ಬೇಕು” ಎನ್ನುತ್ತಾರೆ.

ಒಂಬತ್ತು ದಿನದಿಂದ ಬೆಳಗಿನ ಈ ಹೊತ್ತನ್ನು ನುಂಗುತ್ತಿರುವುದು ಒಂದು ಕ್ಯಾಸೆಟ್. ಅದು ಹೊಲಿಗೆ ತರಗತಿ ನಡೆಸುವ ಐವತ್ತಮೂರರ ಟೀಚರೊಬ್ಬರದು. ಅವರ ತವರಿನಲ್ಲಿ ಇಂಥದೇ ಕಂಪ್ಯೂಟರಿತ್ತು. ಅಣ್ಣನಿಗೆಂದು ತಂದದ್ದು. ಅಣ್ಣ ಕಂಪ್ಯೂಟರ್ ತರಗತಿಗೂ ಹೋಗುತ್ತಿದ್ದ. ಅವನು ಆಟಕ್ಕೆ ಹೋದ ಮಧ್ಯಾಹ್ನಗಳಲ್ಲಿ ತಂಗಿ ಅದರ ಮುಂದೆ ಕೂರುತ್ತಿದ್ದಳು. ಜೊತೆಗೆ ಬಂದ ಪುಸ್ತಕ ನೋಡಿ ತಾನೇ ಕಲಿತು, ಹದಿನಾರನೇ ವಯಸ್ಸಿನಲ್ಲಿ ಒಂದು ಆಟ ಬರೆದಳು. ಅಡುಗೆಮನೆಯ ನೆಲದ ಮೇಲೆ ಇರುವೆಯೊಂದು ಪೊರಕೆಯಿಂದ ತಪ್ಪಿಸಿಕೊಂಡು ಸಕ್ಕರೆ ಕಾಳು ಹೊತ್ತು ಗೂಡು ಸೇರಬೇಕು. ಅಷ್ಟೇ ಆಟ. ತಿದ್ದಿದ ಹಾಗೆಲ್ಲ ಹಾಡಿನ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಒಂದರ ಪಕ್ಕ ಒಂದರಂತೆ ಏಳು ಸಲ ಉಳಿಸಿಟ್ಟಳು. ಮುಂದೆ ಕಂಪ್ಯೂಟರನ್ನು ಅಣ್ಣ ಯಾರಿಗೋ ಮಾರಿದ. ಕ್ಯಾಸೆಟ್ಟು ಗುಂಡಿಗಳ ಡಬ್ಬಿಯಲ್ಲಿ ಉಳಿಯಿತು. ಆಟ ಉಳಿಸಿದ್ದ ಟೇಪ್ ರೆಕಾರ್ಡರು ಹಾಡು ಕೇಳಲೆಂದು ಟೀಚರ ಜೊತೆಗೇ ಬಂತು.

ಕಳೆದ ವರ್ಷ ಎಲ್ಲರೂ ಸೇರಿದ್ದಾಗ ಅಣ್ಣ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು, ತಾನು ಹುಡುಗನಾಗಿದ್ದಾಗ ಬರೆದ ಇರುವೆ ಆಟದ ಕಥೆ ಹೇಳಿದನಂತೆ. ಅದು ನಾನು ಬರೆದದ್ದಲ್ಲವೇ ಎಂದು ತಂಗಿ ಕೇಳಿದ್ದಾರೆ. ಎಲ್ಲರೂ ನಕ್ಕಿದ್ದಾರೆ. ನೀನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ ಮಾರಾಯ್ತಿ ಎಂದು ಅಣ್ಣ ಪ್ರೀತಿಯಿಂದಲೇ ತಲೆ ನೇವರಿಸಿದ್ದಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ, ಹಾಗೇ ನಂಬಿಬಿಟ್ಟಿದ್ದಾನೆ ಎನ್ನುತ್ತಾರೆ ಟೀಚರ್. “ಮನೆಗೆ ಬರೋ ಹೊತ್ತಿಗೆ ನನಗೇ ಅನುಮಾನ ಬಂತು. ನಾನು ಬರೆದಿದ್ನಾ, ಬರೆದ ಹಾಗೆ ಅಂದ್ಕೊಂಡಿದ್ನಾ ಅಂತ. ಅದು ಗೊತ್ತಾಗಬೇಕು. ಬೇರೆ ಯಾರಿಗೂ ಅಲ್ಲ, ನನಗೆ.”

ತಿಂಗಳುಗಟ್ಟಲೆ ಹುಡುಕಿ, ಫೋಟೋ ನೋಡಿ, ಅದೇ ಮಾದರಿಯ ಕಂಪ್ಯೂಟರೊಂದನ್ನು ಟೀಚರ್ ಕೊಂಡರು. ತಂದವರೇ ಎಲ್ಲರಂತೆ ಪ್ಲಗ್ ಹಾಕಿದರು. ಪರದೆ ಕಪ್ಪಾಯಿತು. ಹಾಗೆ ಅದು ಇಲ್ಲಿಗೆ ಬಂತು, ಜೊತೆಗೆ ಟೇಪ್ ರೆಕಾರ್ಡರೂ ಕ್ಯಾಸೆಟ್ಟೂ. ಅಕ್ಕ ಎಂಟೂ ಚಿಪ್ಪು ಬದಲಾಯಿಸಿದರು, ಯಂತ್ರ ಎದ್ದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇವರ ಕೈಗೆ ಅರ್ಧ ಕೆಲಸ ಒಗ್ಗುವುದಿಲ್ಲ. ಕೇಳದೇ ಇದ್ದರೂ ರೆಕಾರ್ಡರನ್ನು ಬಿಚ್ಚಿ ಒರೆಸಿದರು, ಬೆಲ್ಟ್ ಬದಲಾಯಿಸಿದರು. ಟೇಪನ್ನು ಓದುವ ಹೆಡ್ ಚೂರು ಸೊಟ್ಟಗಿರುವುದು ಕಂಡಿತು. ಸ್ಕ್ರೂ ತಿರುಗಿಸಿ ನೆಟ್ಟಗೆ ಮಾಡಿದರು.

ಅದೇ ತಪ್ಪಾಯಿತು. ಸೊಟ್ಟ ಹೆಡ್ಡಿನಲ್ಲಿ ಬರೆದದ್ದನ್ನು ಅಷ್ಟೇ ಸೊಟ್ಟ ಹೆಡ್ಡು ಮಾತ್ರ ಓದಬಲ್ಲದು. ಅಂಗಡಿಯಲ್ಲಿದ್ದ ಆಟದ ಕ್ಯಾಸೆಟ್ಟುಗಳೆಲ್ಲ ಒಂದೇ ಸಲಕ್ಕೆ ಬಂದವು, ಟೀಚರ ಕ್ಯಾಸೆಟ್ ಮಾತ್ರ ತುಟಿ ಬಿಚ್ಚಲಿಲ್ಲ. ಹಿಂದೆ ಸ್ಕ್ರೂ ಎಲ್ಲಿತ್ತೆಂದು ಅಕ್ಕ ಗುರುತು ಹಾಕಿಕೊಂಡಿರಲಿಲ್ಲ. “ಮೂವತ್ತು ವರ್ಷದಿಂದ ನೆಟ್ಟಗೆ ಮಾಡಿ ಮಾಡಿ ಅಭ್ಯಾಸ. ಸೊಟ್ಟ ಕಂಡ್ರೆ ಕೈ ತಾನೇ ಹೋಗುತ್ತೆ. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಬೈತಿದ್ದೆ.”

ಟೀಚರ ಮುಂದೆ ಇದನ್ನು ಮುಚ್ಚಿಡಲಿಲ್ಲ. ಹೊರಗಿದ್ದ ಯಜಮಾನರು ಕ್ಯಾಸೆಟ್ಟೇ ಹಾಳಾಗಿದೆ ಅಂದುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದರಂತೆ. “ನನಗೆ ಗೊತ್ತಾಗುತ್ತಲ್ರೀ” ಎಂದು ಇವರು ಒಳಗೆ ಹೋದರು.

ಆ ಕೋನವನ್ನು ಈಗ ಕಿವಿಯಿಂದಲೇ ಹುಡುಕಬೇಕು. ಏಳು ಸಲದ ಬರಹವೂ ಒಂದೇ ಕೋನದಲ್ಲಿಲ್ಲ. ರೆಕಾರ್ಡರನ್ನು ಎತ್ತಿ ಇಳಿಸಿ ಮಾಡಿದಾಗೆಲ್ಲ ಸ್ಕ್ರೂ ಸಡಿಲಾಗುತ್ತ ಬಂದಿರಬೇಕು. ಸಾಲದ್ದಕ್ಕೆ ಟೇಪು ಮುಪ್ಪಾಗಿದೆ. ಓಡಿಸಿದ ಪ್ರತಿ ಸಲ ಕಂದು ಪುಡಿ ಉದುರುತ್ತದೆ. ಉದುರುವುದು ಬರೀ ಪುಡಿಯಲ್ಲ, ಬರಹ. ಆದ್ದರಿಂದ ದಿನಕ್ಕೆ ಎರಡೇ ಸಲ ಎಂದು ಅಕ್ಕ ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದಾರೆ. ಪೂರ್ತಿಯಾದ ಆಟ ಕೊನೆಯಲ್ಲಿರುತ್ತದೆಂದು ಏಳನೆಯದರಿಂದ ಶುರುಮಾಡಿದರು. ಅದು ಕಣ್ಣೆದುರೇ ಉದುರಿಹೋಯಿತು. ಆರನೆಯದರ ನಡುವೆ ಯಾರೋ ಹಾಡು ತುಂಬಿಸಿದ್ದರು. ಕಿರ್ರೆನ್ನುವ ಸದ್ದಿನೊಳಗಿಂದ ಗಂಡಸೊಬ್ಬನ ವಿರಹದ ಹಾಡು ಎದ್ದುಬಂದಾಗ ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ. ಉಳಿದದ್ದು ಐದನೆಯದು. ಅದರ ಹಿಂದಿನವೆಲ್ಲ ಬರೀ ಅಂಬೆಗಾಲು.

ಇವತ್ತಿನ ಮೊದಲ ಸಲ ಮುಗಿದಿದೆ. ಹೆಡ್ಡನ್ನು ಹತ್ತಿಯಿಂದ ಒರೆಸಿ, ಹತ್ತಿಗೆ ಹತ್ತಿದ ಪುಡಿಯನ್ನು ಅಕ್ಕ ಒಮ್ಮೆ ನೋಡುತ್ತಾರೆ. ಎರಡನೆಯ ಸಲಕ್ಕೆ ಟೇಪು ಓಡುತ್ತದೆ. ಕೂಂ ಎಂದು ಎಳೆಯುವ ಒಂದೇ ಸ್ವರ. ಸ್ಕ್ರೂ ಅತ್ತ, ಇತ್ತ, ಮತ್ತೆ ಅತ್ತ. ಸ್ವರ ಇದ್ದಕ್ಕಿದ್ದಂತೆ ತೆಳ್ಳಗೆ, ಚೂಪಾಗಿ ನಿಲ್ಲುತ್ತದೆ. ಅವರ ಕೈ ಅಲ್ಲಿಂದ ಕದಲುವುದಿಲ್ಲ. ಟಿವಿಯ ಅಂಚಿನಲ್ಲಿ ಬಣ್ಣದ ಗೆರೆಗಳು ಓಡತೊಡಗುತ್ತವೆ. ನಾಲ್ಕು ನಿಮಿಷ. ಮೇಲಿನ ಪಂಪಿಗೆ ಇನ್ನು ಐದು ನಿಮಿಷವಿದೆ. ಗೆರೆಗಳು ನಿಂತು, ಪರದೆಯ ಮೇಲೆ ಚೌಕಚೌಕದ ಅಡುಗೆಮನೆ ಮೂಡುತ್ತದೆ. ಮೂಲೆಯಲ್ಲಿ ಆರು ಕಾಲಿನ ಒಂದು ಚುಕ್ಕಿ.

ಅಕ್ಕ ಮೊದಲು ಅದನ್ನು ಹೊಸ ಕ್ಯಾಸೆಟ್ಟಿಗೆ ಎರಡು ಸಲ ಉಳಿಸುತ್ತಾರೆ. ಆಮೇಲೆ ಟೀಚರಿಗೆ ಫೋನು.

ಟೀಚರ್ ಬರುವ ಹೊತ್ತಿಗೆ ಪಕ್ಕದಲ್ಲಿ ಕೀಲಿ ಕೊರೆಯುತ್ತಿದ್ದಾರೆ. ಟೀಚರ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇದೆ. ಕುರ್ಚಿಯ ತುದಿಯಲ್ಲಿ ಕೂತು ಗುಂಡಿ ಒತ್ತುತ್ತಾರೆ. ಇರುವೆ ಹೊರಡುತ್ತದೆ, ಪೊರಕೆಗೆ ಸಿಗದೆ ಸಕ್ಕರೆ ಎತ್ತುತ್ತದೆ, ಪರದೆಯ ಬಲ ಅಂಚಿನಲ್ಲಿರುವ ಗೂಡಿನ ಬಾಗಿಲ ಬಳಿ ಬರುತ್ತದೆ. ಒಳಗೆ ಹೋಗುವುದಿಲ್ಲ. ಬಾಗಿಲು ದಾಟಿ ಬಲಗಡೆಯಿಂದ ಮಾಯವಾಗಿ, ಎಡಗಡೆಯಿಂದ ಮತ್ತೆ ಬರುತ್ತದೆ. ಸಕ್ಕರೆ ಹೊತ್ತುಕೊಂಡು ಸುತ್ತುತ್ತಲೇ ಇರುತ್ತದೆ. ಓದುವಾಗ ಏನೋ ಕೆಟ್ಟಿರಬೇಕೆಂದು ಅಕ್ಕನ ಮುಖ ಇಳಿಯುತ್ತದೆ.

ಟೀಚರ್ ಪ್ರೋಗ್ರಾಮಿನ ಸಾಲುಗಳನ್ನು ಪರದೆಗೆ ತರಿಸುತ್ತಾರೆ. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಇನ್ನೊಂದು ಕೈ ಬಾಯಿಗೆ ಹೋಗುತ್ತದೆ.

“ಅಕ್ಕ, ಏನೂ ಕೆಟ್ಟಿಲ್ಲ. ಇದು ನನ್ನ ತಪ್ಪು” ಎನ್ನುತ್ತಾರೆ. ಈ ಯಂತ್ರ ಪರದೆಯ ಚೌಕದ ಮನೆಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಹದಿನಾರರ ಆ ಹುಡುಗಿ ಬಾಗಿಲನ್ನು ಒಂದರಿಂದ ಎಣಿಸಿ ಇಟ್ಟಿದ್ದಾಳೆ. ಲೆಕ್ಕದಲ್ಲಿ ಪರದೆಯ ಅಂಚಿನಿಂದ ಒಂದೇ ಒಂದು ಮನೆ ಆಚೆಗಿದೆ ಬಾಗಿಲು, ಇರುವೆ ಅದನ್ನು ಮುಟ್ಟುವುದೇ ಇಲ್ಲ. “ಅಮ್ಮ ನನಗೆ ಹೊಲಿಗೆ ಕಲಿಸಿದ್ದು ಹಾಗೇ. ಮೊದಲನೇ ಟಾಕು ಒಂದು. ಅದೇ ಲೆಕ್ಕ ಇಲ್ಲೂ ಹಾಕಿದ್ದೀನಿ. ಅಣ್ಣ ಕ್ಲಾಸಿಗೆ ಹೋಗಿ ಕಲಿತವನು, ಅವನಿಗೆ ಮೊದಲನೇ ದಿನವೇ ಸೊನ್ನೆ ಹೇಳಿಕೊಟ್ಟಿದ್ರು. ಅವನು ಹೀಗೆ ತಪ್ಪೋ ಹಾಗೇ ಇಲ್ಲ.” ಆಮೇಲೆ ತಮಗಷ್ಟೇ ಕೇಳಿಸುವಂತೆ, “ನಾನೇ ಬರೆದಿದ್ದು” ಎನ್ನುತ್ತಾರೆ.

ಒಂದಂಕಿ ತಿದ್ದಿದರೆ ಇರುವೆ ಗೂಡು ಸೇರುತ್ತದಲ್ಲ, ತಿದ್ದಿಬಿಡಿ ಎಂದು ಅಕ್ಕ ಕೀಲಿಮಣೆ ಮುಂದೆ ತಳ್ಳುತ್ತಾರೆ. ಬೇಡ, ಆ ತಪ್ಪು ಹಾಗೇ ಇರಲಿ ಎಂದು ಟೀಚರ್ ತಲೆಯಾಡಿಸುತ್ತಾರೆ. ಹೊಸ ಕ್ಯಾಸೆಟ್ಟನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಆದರೆ ತಮಗೆ ಖಾತ್ರಿಯಾದದ್ದನ್ನು ಈಗ ಅಣ್ಣನಿಗೂ ತೋರಿಸಬೇಕು, ಅವನ ಮುಂದೆ ಹಾಕುವುದು ಹಳೆಯದನ್ನೇ. “ಹೊಸದು ಹಾಕಿದ್ರೆ, ಯಾರೋ ಈಗ ಮಾಡಿಕೊಟ್ಟಿದ್ದು ಅಂತಾನೆ. ಈ ಕ್ಯಾಸೆಟ್ ಅವನಿಗೆ ಗೊತ್ತು. ಮೇಲಿನ ಅಕ್ಷರ ಯಾರದ್ದು ಅಂತಾನೂ ಗೊತ್ತು. ಹೆಡ್ಡು ಹೀಗೇ ಬಿಟ್ಟುಕೊಡಿ ಅಕ್ಕ.”

“ಹಾಡೆಲ್ಲ ಮಂಕಾಗಿ ಕೇಳಿಸುತ್ತೆ ಟೀಚರ್. ಕಂಬಳಿ ಹೊದ್ದು ಹಾಡಿದ ಹಾಗೆ.”

“ಕೇಳಿಸಲಿ ಬಿಡಿ.”

ಟೇಪು ಇನ್ನೊಂದು ಸಲ ತಡೆದೀತು, ಹೆಚ್ಚೆಂದರೆ ಎರಡು ಸಲ ಎಂದು ಅಕ್ಕ ಎಚ್ಚರಿಸುತ್ತಾರೆ. ಒಂದು ಸಲ ಸಾಕು ಎನ್ನುತ್ತಾರೆ ಟೀಚರ್. ಅಕ್ಕ ಸ್ಕ್ರೂ ಅಲುಗದಂತೆ ಮೇಲೊಂದು ಹನಿ ಅಂಟು ಬಿಟ್ಟು, ಒಣಗುವ ತನಕ ಬಾಯಿಂದ ಊದುತ್ತ ಕೂರುತ್ತಾರೆ. ಊದಿದ್ದಕ್ಕೆ ಕೆಮ್ಮು ಬರುತ್ತದೆ. ಕೆಮ್ಮಿಕೊಂಡೇ ರೆಕಾರ್ಡರನ್ನು ಮಗುಚಿ, ಬೆನ್ನಿಗೆ ಬಿಳಿ ಚೀಟಿ ಹಚ್ಚಿ ಬರೆಯುತ್ತಾರೆ: “ಹೆಡ್ ಬೇಕಂತಲೇ ಸೊಟ್ಟ ಇಟ್ಟಿದೆ. ಯಾರೂ ಸರಿ ಮಾಡಬೇಡಿ.”

ಟೀಚರ್ ಎರಡು ಕೈಯಲ್ಲೂ ಚೀಲ ಹಿಡಿದು ಮೆಟ್ಟಿಲಿಳಿದ ಮೇಲೆ, ಹಲಗೆಯಿಂದ ಮುಂದಿನ ಯಂತ್ರವನ್ನು ಇಳಿಸಿಕೊಳ್ಳುತ್ತ ಅಕ್ಕ ಹೇಳುತ್ತಾರೆ: “ನನ್ನ ಕೈಯಿಂದ ಸೊಟ್ಟ ಇಟ್ಟು ಕಳಿಸಿದ್ದು ಇದೊಂದೇ. ಆದ್ರೆ ಎಷ್ಟು ಬೇಕೋ ಅಷ್ಟೇ ಸೊಟ್ಟ ಇದೆ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ.”